ಮೀಟುವ ಕೈಗೆ ತಕ್ಕ ಗಿಟಾರ್: ಕಾಲಿಂಗ್ಸ್, ಸಾಂಟಾ ಕ್ರೂಜ್, ಲೌಡನ್ ಹೋಲಿಕೆ

ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರನ್ನು ಕೆಲವು ವರ್ಷ ಶ್ರದ್ಧೆಯಿಂದ ನುಡಿಸಿದವರಲ್ಲಿ ಅನೇಕರಿಗೆ, ದೊಡ್ಡ ಕಾರ್ಖಾನೆಯ ವಾದ್ಯದಿಂದ ಮುಂದೆ ಸಾಗಿ ಸಣ್ಣ ಕಾರ್ಯಾಗಾರದಲ್ಲಿ ಕೈಯಿಂದ ಕಟ್ಟಿದ ವಾದ್ಯವೊಂದನ್ನು ಕೊಳ್ಳಬೇಕೆಂಬ ಆಸೆ ಹುಟ್ಟುತ್ತದೆ. ಇಂತಹ ವಾದ್ಯಗಳ ಬೆಲೆ ಲಕ್ಷಗಳಲ್ಲಿರುತ್ತದೆ. ಭಾರತದ ಅಂಗಡಿಗಳಲ್ಲಿ ಅವನ್ನು ಕೈಗೆತ್ತಿಕೊಂಡು ನುಡಿಸಿ ನೋಡುವ ಅವಕಾಶ ತೀರಾ ವಿರಳ. ಹೀಗಾಗಿ ಕೊಳ್ಳುವವರು ಈಗಾಗಲೇ ಅವನ್ನು ನುಡಿಸಿದವರ ಅಭಿಪ್ರಾಯಗಳನ್ನೇ ನಂಬಬೇಕಾಗುತ್ತದೆ. ಆದರೆ ಆ ಅಭಿಪ್ರಾಯಗಳು ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬ ನುರಿತ ವಾದಕರು ವಾರ್ಮ್ ಆಗಿದೆ, ತುಂಬುನಾದವಿದೆ ಎಂದು ಮೆಚ್ಚಿದ ಮಾದರಿಯನ್ನೇ ಅಷ್ಟೇ ನುರಿತ ಇನ್ನೊಬ್ಬರು ಮಸುಕಾಗಿದೆ, ಸ್ವರಗಳು ಬಿಡಿಬಿಡಿಯಾಗಿ ಕೇಳುವುದಿಲ್ಲ ಎಂದು ಬದಿಗಿಟ್ಟಿರುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಅವರಿಬ್ಬರೂ ವರ್ಣಿಸುತ್ತಿರುವುದು ಗಿಟಾರ್ ಮತ್ತು ತಮ್ಮ ಮೀಟುವ ಕೈ ಎರಡೂ ಸೇರಿ ಹುಟ್ಟಿಸಿದ ನಾದವನ್ನು. ಆದ್ದರಿಂದ ಅಭಿಪ್ರಾಯ ಹೇಳಿದವರು ಹೇಗೆ ಮೀಟುತ್ತಾರೆ, ಓದುತ್ತಿರುವ ನಾವು ಹೇಗೆ ಮೀಟುತ್ತೇವೆ ಎಂಬ ಎರಡು ಸಂಗತಿಗಳನ್ನು ಮೊದಲು ತಿಳಿದುಕೊಂಡರೆ, ಪರಸ್ಪರ ವಿರುದ್ಧವಾಗಿ ಕಾಣುವ ಮಾತುಗಳಲ್ಲಿ ಹೆಚ್ಚಿನವು ಒಂದೇ ಸತ್ಯದ ಎರಡು ಬದಿಗಳೆಂದು ಗೊತ್ತಾಗುತ್ತದೆ.

ಇಲ್ಲಿ ಮುಖ್ಯವಾಗಿ ಮೂರು ಕಾರ್ಯಾಗಾರಗಳನ್ನು ಹೋಲಿಸಿದ್ದೇನೆ: ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಕಾಲಿಂಗ್ಸ್, ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಗಿಟಾರ್ ಕಂಪನಿ ಮತ್ತು ಉತ್ತರ ಐರ್ಲೆಂಡಿನ ಡೌನ್‌ಪ್ಯಾಟ್ರಿಕ್ ಊರಿನ ಲೌಡನ್. ಈ ಮೂರೂ ಸುಮಾರಾಗಿ ಒಂದೇ ಬೆಲೆಯ ಮಟ್ಟದಲ್ಲಿ ಪರಸ್ಪರ ಸ್ಪರ್ಧಿಸುತ್ತವೆ, ಮೂರರ ಕೆಲಸದ ಗುಣಮಟ್ಟವೂ ಉನ್ನತವಾದದ್ದು, ಆದರೂ ವಾದಕರ ನಡುವೆ ಮೂರಕ್ಕೂ ಬೇರೆಬೇರೆ ಹೆಸರಿದೆ. ಆ ಹೆಸರು ಎಲ್ಲಿಂದ ಬಂತು ಎಂಬುದನ್ನು ಅರಿತರೆ ಆಯ್ಕೆ ಸುಲಭವಾಗುತ್ತದೆ.

ಕೈಕೆಲಸ ಎಲ್ಲಿ ಫಲ ಕೊಡುತ್ತದೆ

ಸಣ್ಣ ಕಾರ್ಯಾಗಾರಗಳಲ್ಲಿಯೂ ಇಂದು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿವೆ. ನೆಕ್‌ನ (ಗಿಟಾರಿನ ಕತ್ತಿನ) ಒರಟು ಆಕಾರವನ್ನು ಕತ್ತರಿಸುವುದಕ್ಕೂ, ಅದರ ಮೇಲೆ ಸ್ವರಸ್ಥಾನಗಳನ್ನು ಗುರುತಿಸುವ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ಸೀಳುಗಳನ್ನು ಕೊರೆಯುವುದಕ್ಕೂ ಯಂತ್ರವೇ ಹೆಚ್ಚು ನಿಖರವಾದದ್ದು, ಅದರಿಂದ ವಾದ್ಯಕ್ಕೆ ಯಾವ ಕುಂದೂ ಇಲ್ಲ. ನುರಿತ ಕೈ ನಿಜವಾಗಿ ಬೇಕಾಗುವುದು ಮುಂಭಾಗದ ಹಲಗೆಯಲ್ಲಿ, ಅಂದರೆ ವಾದಕರು ಟಾಪ್ ಎಂದು ಕರೆಯುವ ಭಾಗದಲ್ಲಿ, ಮತ್ತು ಅದರ ಒಳಮೈಗೆ ಅಂಟಿಸಿದ ಪಟ್ಟಿಗಳಲ್ಲಿ, ಅಂದರೆ ಬ್ರೇಸಿಂಗ್‌ನಲ್ಲಿ. ಸಾಮಾನ್ಯವಾಗಿ ಬಳಸುವ 12ರಿಂದ 53ರ ಗೇಜಿನ (ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪದ ಅಳತೆ) ತಂತಿಗಳ ಸೆಟ್ಟನ್ನು ಶ್ರುತಿಗೆ ಏರಿಸಿದಾಗ ಆರೂ ತಂತಿಗಳು ಸೇರಿ 70 ಕಿಲೋಗೂ ಹೆಚ್ಚಿನ ಬಲದಿಂದ ಬ್ರಿಡ್ಜನ್ನು, ಅಂದರೆ ಟಾಪ್ ಮೇಲೆ ತಂತಿಗಳ ತುದಿಯನ್ನು ಹಿಡಿದಿರುವ ಮರದ ತುಂಡನ್ನು, ಎಳೆಯುತ್ತಿರುತ್ತವೆ. ಸುಮಾರು 3 ಮಿಲಿಮೀಟರ್ ದಪ್ಪದ ಮರದ ಹಲಗೆ ಈ ಎಳೆತವನ್ನು ದಶಕಗಳ ಕಾಲ ತಡೆದುಕೊಳ್ಳಬೇಕು, ಅದೇ ಸಮಯದಲ್ಲಿ ಬೆರಳಿನ ಹಗುರವಾದ ಸ್ಪರ್ಶಕ್ಕೂ ಸಲೀಸಾಗಿ ಕಂಪಿಸಬೇಕು.

ಒಂದೇ ಜಾತಿಯ ಮರದಿಂದ ಸೀಳಿದ ಎರಡು ಹಲಗೆಗಳು ಬಿಗುವಿನಲ್ಲಿಯೂ ತೂಕದಲ್ಲಿಯೂ ಒಂದೇ ಆಗಿರುವುದಿಲ್ಲ. ದಿನಕ್ಕೆ ನೂರಾರು ವಾದ್ಯಗಳನ್ನು ಹೊರತರುವ ಕಾರ್ಖಾನೆಯು ಎಲ್ಲ ಹಲಗೆಗಳಿಗೂ ಒಂದೇ ದಪ್ಪವನ್ನು ಗೊತ್ತುಮಾಡುತ್ತದೆ, ಮತ್ತು ಆ ದಪ್ಪವು ತೀರಾ ದುರ್ಬಲವಾದ ಹಲಗೆಯೂ ಬಾಗದಂತೆ ಇರಬೇಕಾಗುತ್ತದೆ. ಇದರಿಂದ ಬಿಗುವಾದ ಒಳ್ಳೆಯ ಹಲಗೆಗಳು ಬೇಕಾದ್ದಕ್ಕಿಂತ ದಪ್ಪವಾಗಿಯೇ ಉಳಿದುಬಿಡುತ್ತವೆ. ಕುಶಲಕರ್ಮಿಯಾದರೋ ಪ್ರತಿಯೊಂದು ಹಲಗೆಯನ್ನೂ ಬಾಗಿಸಿ ನೋಡಿ, ಬೆರಳಿನಿಂದ ತಟ್ಟಿ ಕೇಳಿ, ಆ ಹಲಗೆಗೆ ಎಷ್ಟು ಬೇಕೋ ಅಷ್ಟೇ ತೆಳುವಾಗಿಸುತ್ತಾರೆ, ಬ್ರೇಸ್‌ಗಳನ್ನು ಅದಕ್ಕೆ ತಕ್ಕಂತೆ ಉಳಿಯಿಂದ ಕೆತ್ತುತ್ತಾರೆ. ಕೈಯಿಂದ ಕಟ್ಟಿದ ಗಿಟಾರ್ ಬೇಗ ಮಾತನಾಡುತ್ತದೆ ಎಂದು ವಾದಕರು ಹೇಳುವುದರ ಹಿಂದಿರುವ ಕಾರಣ ಬಹುಮಟ್ಟಿಗೆ ಇಷ್ಟೇ.

ಹಗುರವಾಗಿ ಕಟ್ಟುವುದಕ್ಕೆ ತೆರಬೇಕಾದ ಬೆಲೆಯೂ ಇದೆ. ಹಗುರವಾದ ಟಾಪ್ ಮೆಲ್ಲಗೆ ಮೀಟಿದಾಗಲೇ ತುಂಬುನಾದವನ್ನು ಕೊಟ್ಟುಬಿಡುತ್ತದೆ, ಆದರೆ ಪಿಕ್ ಎಂಬ ಮೀಟುವ ಬಿಲ್ಲೆಯನ್ನು ಹಿಡಿದು ಬಲವಾಗಿ ಬಾರಿಸಿದಾಗ ಒಂದು ಹಂತದ ನಂತರ ನಾದ ಮೇಲೇರುವುದಿಲ್ಲ, ಸ್ವರಗಳು ಒಂದರೊಳಗೊಂದು ಕಲಸಿಕೊಳ್ಳುತ್ತವೆ. ಬಿಗುವಾದ ಟಾಪ್ ಮೆಲುಸ್ಪರ್ಶಕ್ಕೆ ಅಷ್ಟಾಗಿ ಒಲಿಯುವುದಿಲ್ಲ, ಬಲವಾಗಿ ಬಾರಿಸಿದಷ್ಟೂ ಇನ್ನೂ ಕೊಡುತ್ತಲೇ ಹೋಗುತ್ತದೆ. ಈ ಮೀಸಲು ಸಾಮರ್ಥ್ಯವನ್ನೇ ವಾದಕರು ಹೆಡ್‌ರೂಮ್ ಎನ್ನುವುದು. ಈ ಎರಡು ಗುಣಗಳನ್ನೂ ಒಂದೇ ಗಿಟಾರಿನಲ್ಲಿ ಪೂರ್ಣವಾಗಿ ಪಡೆಯುವುದು ಆಗದ ಮಾತು. ಪ್ರತಿಯೊಬ್ಬ ಕುಶಲಕರ್ಮಿಯೂ ಇವೆರಡರ ನಡುವೆ ತನಗೆ ಸರಿ ಎನಿಸಿದ ಒಂದು ಬಿಂದುವಿನಲ್ಲಿ ನಿಲ್ಲುತ್ತಾನೆ, ಮತ್ತು ಆ ಬಿಂದುವೇ ಆ ಕಾರ್ಯಾಗಾರದ ಸ್ವಭಾವವಾಗುತ್ತದೆ.

ಟಾಪ್‌ನ ಮರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅಲಾಸ್ಕಾ ಮತ್ತು ಬ್ರಿಟಿಷ್ ಕೊಲಂಬಿಯಾದ ಕಡೆಯಿಂದ ಬರುವ ಸಿಟ್ಕಾ ಸ್ಪ್ರೂಸ್ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ, ಎಲ್ಲ ಬಗೆಯ ವಾದನಕ್ಕೂ ಹೊಂದುವ ಮರ. ಆಡಿರಾಂಡ್ಯಾಕ್ ಎಂದು ಕರೆಯುವ ಕೆಂಪು ಸ್ಪ್ರೂಸ್ ತೂಕಕ್ಕೆ ಹೋಲಿಸಿದರೆ ಹೆಚ್ಚು ಬಿಗುವಾದದ್ದು, ಬಲವಾದ ಪಿಕ್ ಏಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಸೀಡರ್ ಮೃದುವಾದ ಮರ. ಬೆರಳಿನ ಸ್ಪರ್ಶಕ್ಕೆ ತಕ್ಷಣ ಸ್ಪಂದಿಸುತ್ತದೆ, ಬಲವಾದ ಸ್ಟ್ರಮ್ಮಿಂಗ್‌ಗೆ (ಎಲ್ಲ ತಂತಿಗಳನ್ನೂ ಒಟ್ಟಿಗೆ ಬಾರಿಸುವುದಕ್ಕೆ) ಬೇಗ ಮಣಿಯುತ್ತದೆ, ಉಗುರು ತಾಗಿದರೂ ಗುರುತು ಬೀಳುತ್ತದೆ.

ಹೋಲಿಕೆಯ ಅಳತೆಗೋಲು

ಅಮೆರಿಕದ ವಾದಕರು ಯಾವುದೇ ಗಿಟಾರಿನ ಬಗ್ಗೆ ಮಾತನಾಡುವಾಗ ಅವರ ಕಿವಿಯಲ್ಲಿ ಅಮೆರಿಕದ ಕಂಪನಿಗಳಾದ ಮಾರ್ಟಿನ್ ಅಥವಾ ಗಿಬ್ಸನ್ ಕಟ್ಟಿದ ಹಳೆಯ ಗಿಟಾರಿನ ನಾದ ಇರುತ್ತದೆ. 1833ರಲ್ಲಿ ಆರಂಭವಾದ ಮಾರ್ಟಿನ್ ಕಂಪನಿಯು ಎಕ್ಸ್ ಆಕಾರದ ಬ್ರೇಸಿಂಗನ್ನು ನೆಲೆಗೊಳಿಸಿತು. 1929ರಲ್ಲಿ 14 ಫ್ರೆಟ್‌ಗಳು ಒಡಲಿನ ಹೊರಗಿರುವ ಓಎಂ ಮಾದರಿಯನ್ನು, 1930ರ ದಶಕದ ಆರಂಭದಲ್ಲಿ ತನ್ನ ಹೆಸರಿನಲ್ಲಿಯೇ ದೊಡ್ಡ ಒಡಲಿನ ಡ್ರೆಡ್‌ನಾಟನ್ನು ತಂದಿತು. ಡ್ರೆಡ್‌ನಾಟಿನ ಒಡಲು ಸುಮಾರು 124 ಮಿ.ಮೀ. ಆಳವಿದ್ದರೆ ಓಎಂನದು ಸುಮಾರು 105 ಮಿ.ಮೀ. ಮಾತ್ರ, ಹೀಗಾಗಿ ಮೊದಲನೆಯದರಲ್ಲಿ ಮಂದ್ರದ ತಂತಿಗಳು ಗಟ್ಟಿಯಾಗಿ ಮೊಳಗುತ್ತವೆ, ಎರಡನೆಯದರಲ್ಲಿ ಆರೂ ತಂತಿಗಳು ಸರಿಸಮವಾಗಿ ಕೇಳುತ್ತವೆ. 1930ರ ದಶಕದ ಮಾರ್ಟಿನ್‌ಗಳಲ್ಲಿ ಬ್ರೇಸ್‌ಗಳ ನಡುಭಾಗವನ್ನು ಕೆರೆದು ಹಗುರಗೊಳಿಸುತ್ತಿದ್ದರು. ದಪ್ಪ ತಂತಿಗಳ ಎಳೆತಕ್ಕೆ ಟಾಪ್‌ಗಳು ಉಬ್ಬತೊಡಗಿದ್ದರಿಂದ 1944ರಲ್ಲಿ ಆ ಪದ್ಧತಿಯನ್ನು ನಿಲ್ಲಿಸಿದರು. ಇಂದಿನ ಸಣ್ಣ ಕಾರ್ಯಾಗಾರಗಳಲ್ಲಿ ಅನೇಕವು ಬೆನ್ನಟ್ಟಿರುವುದು ಆ ಕಳೆದುಹೋದ ಹಗುರತನವನ್ನೇ.

ಕಾಲಿಂಗ್ಸ್

ಬಿಲ್ ಕಾಲಿಂಗ್ಸ್ 1970ರ ದಶಕದಲ್ಲಿ ಟೆಕ್ಸಾಸ್‌ನಲ್ಲಿ ಗಿಟಾರ್ ಕಟ್ಟತೊಡಗಿದವರು; ಅವರು 2017ರಲ್ಲಿ ತೀರಿಕೊಂಡ ನಂತರವೂ ಕಾರ್ಯಾಗಾರವು ಅದೇ ಶಿಸ್ತಿನಲ್ಲಿ ನಡೆದಿದೆ. ಈ ಗಿಟಾರುಗಳ ಬಗ್ಗೆ ಮೆಚ್ಚುಗೆ ಮತ್ತು ದೂರು ಎರಡೂ ಒಂದೇ ಮೂಲದಿಂದ ಬರುತ್ತವೆ. ಮೆಚ್ಚುವವರು ಹೇಳುವುದೇನೆಂದರೆ, ಪ್ರತಿಯೊಂದು ಸ್ವರವೂ ಸ್ಪಷ್ಟವಾಗಿ ಬಿಡಿಯಾಗಿ ನಿಲ್ಲುತ್ತದೆ, ಮಂದ್ರದ ತಂತಿಗಳು ಗಟ್ಟಿಯಾಗಿದ್ದರೂ ಹರಡಿಕೊಳ್ಳುವುದಿಲ್ಲ, ಫ್ರೆಟ್‌ಗಳ ಕೆಲಸದಲ್ಲಿ ಕುಂದು ಹುಡುಕಿದರೂ ಸಿಗುವುದಿಲ್ಲ, ಮತ್ತು ಬ್ಲೂಗ್ರಾಸ್ ಎಂಬ ಅಮೆರಿಕದ ಜಾನಪದ ಶೈಲಿಯ ಮೇಳದಲ್ಲಿ ಬ್ಯಾಂಜೊ, ಫಿಡಲ್‌ಗಳ ನಡುವೆಯೂ ಈ ಗಿಟಾರ್ ಕೇಳಿಸುತ್ತದೆ. ಇಷ್ಟಪಡದವರು ಇದೇ ಸ್ಪಷ್ಟತೆಯನ್ನು ಒಣ ನಾದವೆನ್ನುತ್ತಾರೆ, ಹೊಸದಾಗಿದ್ದಾಗ ಬಿಗಿದುಕೊಂಡಂತಿರುತ್ತದೆ ಎನ್ನುತ್ತಾರೆ, ತಪ್ಪು ಬೆರಳನ್ನು ಇದು ಮನ್ನಿಸುವುದಿಲ್ಲ ಎನ್ನುತ್ತಾರೆ.

ನನ್ನ ದೃಷ್ಟಿಯಲ್ಲಿ ಈ ಎರಡೂ ಮಾತುಗಳು ಸರಿ. ಮೂಲಸ್ವರ ಬಲವಾಗಿದ್ದು ಅದರ ಮೇಲಿನ ಉಪಸ್ವರಗಳು ಹತೋಟಿಯಲ್ಲಿರುವ ಈ ಗಿಟಾರ್, ಪಿಕ್ಕಿನಿಂದ ಗಟ್ಟಿಯಾಗಿ ಮೀಟುವವರಿಗೆ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಕಟ್ಟುಪಾಡನ್ನು ಹಾಕುವುದಿಲ್ಲ. ಎಷ್ಟು ಬಲ ಹಾಕಿದರೂ ಅದಕ್ಕೆ ತಕ್ಕಷ್ಟು ನಾದವನ್ನು ಹಿಂದಿರುಗಿಸುತ್ತದೆ. ರಾತ್ರಿ ಮನೆಯಲ್ಲಿ ಬೆರಳ ತುದಿಯಿಂದ ಮೆಲ್ಲಗೆ ಮೀಟುವವರಿಗೆ ಮಾತ್ರ ಅದು ಅರ್ಧದಷ್ಟೇ ತೆರೆದುಕೊಂಡಂತೆ ಕೇಳಬಹುದು. ಅಂತಹವರು ಕಾಲಿಂಗ್ಸ್ ಕೆಲಸದ ಅಚ್ಚುಕಟ್ಟಿಗೆ ಮನಸೋತಿದ್ದರೆ ಡಿ2ಎಚ್ ಎಂಬ ಡ್ರೆಡ್‌ನಾಟಿನ ಬದಲು ಮಹಾಗನಿಯ ಓಎಂ1 ಮಾದರಿಯನ್ನು, ಅಥವಾ ಪ್ರಾಣಿಜನ್ಯ ಅಂಟು ಮತ್ತು ಇನ್ನೂ ತೆಳುವಾದ ಲೇಪವನ್ನು ಬಳಸಿ ಕಟ್ಟುವ ಟ್ರೆಡಿಷನಲ್ ಸರಣಿಯನ್ನು ನೋಡುವುದು ಒಳ್ಳೆಯದು. ಈ ಸರಣಿಯನ್ನು ನುಡಿಸಿದವರು ಸಾಮಾನ್ಯ ಕಾಲಿಂಗ್ಸ್‌ಗಿಂತ ಇದು ಹೆಚ್ಚು ಸಡಿಲವಾಗಿದೆ, ಹಳೆಯ ಮಾರ್ಟಿನ್‌ಗೆ ಹತ್ತಿರವಿದೆ ಎಂದು ಹೇಳುತ್ತಾರೆ.

ಸಾಂಟಾ ಕ್ರೂಜ್

1976ರಲ್ಲಿ ರಿಚರ್ಡ್ ಹೂವರ್ ಅವರು ಜೊತೆಗಾರರೊಂದಿಗೆ ಆರಂಭಿಸಿದ ಈ ಕಾರ್ಯಾಗಾರವು ಪಿಟೀಲು ಕಟ್ಟುವವರ ಪದ್ಧತಿಯಿಂದ ಪಾಠ ಕಲಿತದ್ದು. ಟಾಪ್, ಬ್ರೇಸ್, ಒಡಲು ಇವುಗಳನ್ನು ತಟ್ಟಿ ಕೇಳುತ್ತ, ಒಂದು ಇನ್ನೊಂದರೊಡನೆ ಹೊಂದುವಂತೆ ಕೆರೆಯುತ್ತ ಹೋಗುವುದು ಇಲ್ಲಿನ ಕ್ರಮ. ಫಲವಾಗಿ ಮೂಲಸ್ವರದ ಸುತ್ತ ಉಪಸ್ವರಗಳು ಹೆಚ್ಚಾಗಿ ತೆರೆದುಕೊಳ್ಳುತ್ತವೆ, ಮೀಟಿದ ಕೂಡಲೇ ನಾದ ಹೊಮ್ಮುತ್ತದೆ, ಮತ್ತು ಮೆಲುವಾಗಿ ನುಡಿಸಿದಾಗಲೂ ನಾದದ ಬಣ್ಣ ಕಳೆಗುಂದುವುದಿಲ್ಲ. ಬಲದ ಏರಿಳಿತದಿಂದಲೇ ಭಾವವನ್ನು ತೋರಿಸುವ ವಾದಕರು ಇದನ್ನು ಬಹಳವಾಗಿ ಪ್ರೀತಿಸುತ್ತಾರೆ. ಗಟ್ಟಿಯಾಗಿ ಸ್ಟ್ರಮ್ ಮಾಡುತ್ತ ಹಾಡುವವರಿಂದ ಕೇಳಿಬರುವ ದೂರೂ ನ್ಯಾಯವಾದದ್ದೇ: ಉಪಸ್ವರಗಳು ಹಾಡುಗಾರರ ದನಿಯ ಜಾಗವನ್ನು ಆಕ್ರಮಿಸುತ್ತವೆ ಎನ್ನುತ್ತಾರೆ ಅವರು.

ಈ ಕಾರ್ಯಾಗಾರದ ಅತಿ ಪ್ರಸಿದ್ಧ ಮಾದರಿಯ ಹಿಂದೆ ಇರುವುದು ಬ್ಲೂಗ್ರಾಸ್ ವಾದಕ ಟೋನಿ ರೈಸ್. ಅವರು ಬಹುಕಾಲ ನುಡಿಸಿದ್ದು 1935ರ ಒಂದು ಮಾರ್ಟಿನ್ ಡಿ-28. ಅದು ಮೊದಲು ಗಿಟಾರ್ ವಾದಕ ಕ್ಲಾರೆನ್ಸ್ ವೈಟ್ ಅವರ ಕೈಯಲ್ಲಿತ್ತು, ಮತ್ತು ಅದರ ನಾದರಂಧ್ರವು ಮಾಮೂಲಿಗಿಂತ ದೊಡ್ಡದಾಗಿತ್ತು. ರಂಧ್ರ ದೊಡ್ಡದಾದಂತೆ ಒಡಲಿನೊಳಗಿನ ಗಾಳಿಯ ಸಹಜ ಕಂಪನದ ಶ್ರುತಿ ಮೇಲೇರುತ್ತದೆ, ಮಂದ್ರದ ಗುಡುಗು ತಗ್ಗುತ್ತದೆ, ನಡುವಿನ ಸ್ವರಗಳು ಮುಂದೆ ಬರುತ್ತವೆ. ಸಾಂಟಾ ಕ್ರೂಜ್‌ನ ಟೋನಿ ರೈಸ್ ಮಾದರಿಯಲ್ಲಿ ಈ ಗುಣವನ್ನು ಉಳಿಸಿಕೊಂಡಿದ್ದಾರೆ. ಡ್ರೆಡ್‌ನಾಟ್ ಎಂದರೆ ಮಂದ್ರ ಹೆಚ್ಚು ಎಂಬ ನಿರೀಕ್ಷೆಯಿಂದ ಇದನ್ನು ಕೊಂಡವರು ನಿರಾಶರಾಗುವುದುಂಟು. ಒಂಟಿ ತಂತಿಯ ಸ್ವರಸರಣಿಗಳನ್ನು ಎಲ್ಲ ತಂತಿಗಳಲ್ಲಿಯೂ ಸಮನಾಗಿ ನುಡಿಸಬಯಸುವವರಿಗೆ ಇದಕ್ಕಿಂತ ಹೊಂದುವ ಡ್ರೆಡ್‌ನಾಟ್ ಸಿಗುವುದು ಕಷ್ಟ.

ಲೌಡನ್

ಜಾರ್ಜ್ ಲೌಡನ್ 1970ರ ದಶಕದ ನಡುವಿನಲ್ಲಿ ಗಿಟಾರ್ ಕಟ್ಟುವುದನ್ನು ವೃತ್ತಿಯಾಗಿ ಹಿಡಿದಾಗ ಅಮೆರಿಕದ ಮಾದರಿಗಳನ್ನು ನಕಲಿಸದೆ ತಮ್ಮದೇ ಬ್ರೇಸಿಂಗ್ ಕ್ರಮವನ್ನು ರೂಪಿಸಿಕೊಂಡರು. ಲೌಡನ್‌ನ ಸ್ಯಾಡಲ್, ಅಂದರೆ ಬ್ರಿಡ್ಜಿನ ಮೇಲೆ ತಂತಿಗಳು ಒರಗುವ ಪಟ್ಟಿ, ಎರಡು ತುಂಡುಗಳಾಗಿ ಬೇರ್ಪಟ್ಟಿದೆ, ಬ್ರಿಡ್ಜಿನಲ್ಲಿ ತಂತಿಗಳನ್ನು ಸಿಕ್ಕಿಸುವ ಗೂಟಗಳಿಲ್ಲ, ನೆಕ್ ಐದು ಪಟ್ಟಿಗಳನ್ನು ಜೋಡಿಸಿ ಮಾಡಿದ್ದು, ನೆಕ್ ತಲೆಭಾಗದಲ್ಲಿ ತಂತಿಗಳು ಹಾಯುವ ನಟ್ ಎಂಬ ಪಟ್ಟಿಯ ಬಳಿ ಸುಮಾರು 45 ಮಿ.ಮೀ. ಅಗಲವಿದ್ದು ಬೆರಳುಗಳಿಗೆ ಧಾರಾಳವಾದ ಜಾಗವಿದೆ. ಫ್ರಾನ್ಸಿನ ಪಿಯರ್ ಬೆನ್ಸುಸಾನ್ ಮತ್ತು ಇಂಗ್ಲೆಂಡಿನ ರಿಚರ್ಡ್ ಥಾಂಪ್ಸನ್ ಅವರಂತಹ ವಾದಕರ ಮೂಲಕ ಇದರ ನಾದ ಲೋಕಕ್ಕೆ ಪರಿಚಯವಾಯಿತು; ಎಡ್ ಶೀರನ್ ಅವರ ಮೂಲಕ ಹೊಸ ಪೀಳಿಗೆಗೂ ತಲುಪಿತು.

ಇದರ ಮುಖ್ಯ ಗುಣ, ನಾದ ಬಹಳ ಹೊತ್ತು ನಿಲ್ಲುವುದು. ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಎಂಬಂತೆ ಇಳಿಸಿ ಶ್ರುತಿ ಮಾಡಿಕೊಂಡು, ತೆರೆದ ತಂತಿಗಳನ್ನು ಆಧಾರಶ್ರುತಿಯಂತೆ ಮೊಳಗಲು ಬಿಟ್ಟು, ಮೇಲೆ ರಾಗವನ್ನು ನುಡಿಸುವವರಿಗೆ ಇದು ಅತ್ಯಂತ ಒಪ್ಪುವ ವಾದ್ಯ. ತಂಬೂರಿಯ ಶ್ರುತಿಗೆ ಕಿವಿ ಒಗ್ಗಿರುವ ನಮ್ಮ ಕಡೆಯ ಸಂಗೀತಗಾರರಿಗೆ ಮೂರರಲ್ಲಿ ಮೊದಲು ಮನಸ್ಸಿಗೆ ಹತ್ತಿರವಾಗುವುದು ಇದೇ ಎಂಬುದು ನನ್ನ ನಂಬಿಕೆ. ಆದರೆ ಸೀಡರ್ ಟಾಪ್‌ನ ಓ-25ರಂತಹ ದೊಡ್ಡ ಒಡಲಿನ ಮಾದರಿಯನ್ನು ಮೇಳದೊಂದಿಗೆ ವೇಗದ ಸ್ಟ್ರಮ್ಮಿಂಗ್‌ಗೆ ಬಳಸಿದವರು, ಹಿಂದಿನ ಸ್ವರ ಅಳಿಯುವ ಮೊದಲೇ ಮುಂದಿನದು ಬಂದು ಕಲಸಿಕೊಳ್ಳುತ್ತದೆ ಎಂದು ದೂರುವುದು ಸಹಜ. ಮೊದಲಲ್ಲಿ ಹೇಳಿದ, ಒಬ್ಬರಿಗೆ ತುಂಬುನಾದ, ಇನ್ನೊಬ್ಬರಿಗೆ ಮಸುಕು ಎಂಬ ಭಿನ್ನಾಭಿಪ್ರಾಯ ಅತಿ ಹೆಚ್ಚಾಗಿ ಕೇಳಿಬರುವುದು ಲೌಡನ್ ಬಗ್ಗೆಯೇ. ಓ-25ರ ಬದಲು ಸಿಟ್ಕಾ ಟಾಪ್‌ನ ಓ-32 ಅಥವಾ ಒಡಲು ಚಿಕ್ಕದಾದ ಎಫ್ ಸರಣಿಯನ್ನು ಆರಿಸಿಕೊಂಡರೆ ಈ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ.

ಹಿಂಭಾಗದ ಮರಕ್ಕೆ ಎಷ್ಟು ಹಣ ಕೊಡಬೇಕು

ವಾದಕರ ಚರ್ಚೆಗಳಲ್ಲಿ ಅತಿ ಹೆಚ್ಚು ಮಾತು ಖರ್ಚಾಗುವುದು ಹಿಂಭಾಗ ಮತ್ತು ಪಕ್ಕಗಳ ಮರದ ಬಗ್ಗೆ, ಮತ್ತು ಬೆಲೆ ವಿಪರೀತ ಏರುವುದೂ ಅಲ್ಲಿಯೇ. ಬ್ರೆಜಿಲ್ ರೋಸ್‌ವುಡ್, ಇಂಡಿಯನ್ ರೋಸ್‌ವುಡ್, ಮಹಾಗನಿ, ಮೇಪಲ್, ವಾಲ್ನಟ್ ಎಂದು ಪ್ರತಿಯೊಂದಕ್ಕೂ ಒಂದೊಂದು ನಾದವನ್ನು ಆರೋಪಿಸುವ ರೂಢಿಯಿದೆ. ಇಲ್ಲಿ ಕನ್ನಡ ಓದುಗರಿಗೆ ವಿಶೇಷವಾದ ನಂಟೂ ಇದೆ, ಏಕೆಂದರೆ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ ಮರ. ಮೈಸೂರಿನ ಕೆತ್ತು-ಕೂಡಿಸುವ ಚಿತ್ರಕಲೆಗೆ ಆಧಾರವಾದದ್ದೂ ಇದೇ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು 1960ರ ದಶಕದಲ್ಲಿ ನಿರ್ಬಂಧಿಸಿದಾಗ ಮಾರ್ಟಿನ್ ಕಂಪನಿಯು 1969ರ ಹೊತ್ತಿಗೆ ಬೀಟೆಗೆ ಹೊರಳಿತು. ಕಾಲಿಂಗ್ಸ್ ಡಿ2ಎಚ್, ಲೌಡನ್ ಓ-25 ಮತ್ತು ಓ-32 ಇವೆಲ್ಲದರ ಬೆನ್ನಿನಲ್ಲಿರುವುದು ಬೀಟೆಯೇ.

ಇಷ್ಟಾಗಿ, ಈ ಮರದ ಆಯ್ಕೆಯಿಂದ ಕೇಳುವ ನಾದ ಎಷ್ಟು ಬದಲಾಗುತ್ತದೆ? ಸ್ಪೇನಿನ ಆಂಟೋನಿಯೊ ಡಿ ಟೋರೆಸ್ 1862ರಲ್ಲಿಯೇ ಹಿಂಭಾಗ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಟಾಪನ್ನು ಮಾತ್ರ ಒಳ್ಳೆಯ ಮರದಿಂದ ಕಟ್ಟಿ, ನಾದದ ಮೂಲ ಟಾಪ್‌ನಲ್ಲಿದೆ ಎಂಬ ತಮ್ಮ ಅಭಿಪ್ರಾಯವನ್ನು ಸಾಧಿಸಿ ತೋರಿಸಲು ಹೊರಟರು. ಆ ಗಿಟಾರ್ ಇಂದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ 2018ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರಿಗಾಗಿ ಫೈಲ್ಡ್ ಗಿಟಾರ್ಸ್‌ನ ರೋಜರ್ ಬಕ್ನಾಲ್ ಆರು ಗಿಟಾರುಗಳನ್ನು ಕಟ್ಟಿಕೊಟ್ಟರು. ಆರರ ಆಕಾರ, ಟಾಪ್, ಬ್ರೇಸಿಂಗ್ ಎಲ್ಲವೂ ಆದಷ್ಟೂ ಒಂದೇ. ಹಿಂಭಾಗ ಮತ್ತು ಪಕ್ಕಗಳ ಮರ ಮಾತ್ರ ಬ್ರೆಜಿಲ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್ನಟ್ ಎಂದು ಬೇರೆಬೇರೆ. 52 ಗಿಟಾರ್ ವಾದಕರು ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಧರಿಸಿ, ಮರವನ್ನು ಕಾಣದೆ ನುಡಿಸಿ ಅಂಕ ಕೊಟ್ಟರು. ಆರೂ ಗಿಟಾರುಗಳಿಗೆ ಬಂದ ಅಂಕಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಅತಿ ದುಬಾರಿಯಾದ ಮರ ಅಗ್ಗದ ಮರಕ್ಕಿಂತ ಮೇಲೆಂದು ತೋರಲಿಲ್ಲ.

ಇದರಿಂದ ಮರಕ್ಕೆ ಬೆಲೆಯೇ ಇಲ್ಲವೆಂದು ತೀರ್ಮಾನಿಸಬೇಕಾಗಿಲ್ಲ. ಬೀಟೆ ಮಹಾಗನಿಗಿಂತ ಸಾಕಷ್ಟು ಭಾರವಾದ ಮರ, ಕೈಯಲ್ಲಿ ಹಿಡಿದಾಗಲೇ ವ್ಯತ್ಯಾಸ ತಿಳಿಯುತ್ತದೆ. ಅದರ ನೇರಳೆ ಛಾಯೆಯ ಎಳೆಗಳ ಚೆಲುವೂ ನುಡಿಸುವ ಆನಂದದ ಒಂದು ಭಾಗವೇ. ನನ್ನ ಸಲಹೆ ಇಷ್ಟು: ಹಿಂಭಾಗದ ಮರವನ್ನು ಕಣ್ಣಿಗೆ ಒಪ್ಪುವಂತೆ ಆರಿಸಿಕೊಳ್ಳಿ, ಆದರೆ ಅದಕ್ಕಾಗಿ ತೆರುವ ಹೆಚ್ಚುವರಿ ಹಣದಿಂದ ನಾದವನ್ನು ಕೊಂಡಂತಾಗುತ್ತದೆ ಎಂದು ಎಣಿಸಬೇಡಿ. ಬ್ರೆಜಿಲ್ ರೋಸ್‌ವುಡ್ಡನ್ನಂತೂ ನಮ್ಮ ಓದುಗರಿಗೆ ನಾನು ಸೂಚಿಸುವುದೇ ಇಲ್ಲ. ಅದು 1992ರಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಾದ ಮೊದಲ ಪಟ್ಟಿಯಲ್ಲಿದೆ, ದೇಶದಿಂದ ದೇಶಕ್ಕೆ ಮಾರಾಟವಾಗಬೇಕಾದರೆ ಪರವಾನಗಿಗಳು ಬೇಕು. ಬೀಟೆಯೂ ಸೇರಿದಂತೆ ಅದರ ಕುಲದ ಉಳಿದ ಮರಗಳು 2017ರಲ್ಲಿ ಎರಡನೆಯ ಪಟ್ಟಿಗೆ ಸೇರಿದವು. ಸಿದ್ಧಗೊಂಡ ಸಂಗೀತವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ದೊರೆತಿದೆ. ಘಟ್ಟದಲ್ಲಿ ಬೀಟೆಯೂ ಧಾರಾಳವಾಗಿ ಉಳಿದಿಲ್ಲ ಎಂಬುದನ್ನು ನೆನೆದರೆ, ಮಹಾಗನಿ ಅಥವಾ ವಾಲ್ನಟ್ ಗಿಟಾರನ್ನು ಕೊಂಡವರು ನಾದದಲ್ಲಿ ಕಡಿಮೆಗೆ ಒಪ್ಪಿಕೊಂಡರೆಂದು ಯಾರೂ ಹೇಳಲಾರರು.

ಕೈಗೆ ತಿಳಿಯುವ ಸಂಗತಿಗಳು

ನಾದದ ಬಗ್ಗೆ ವಾದಕರು ಹೇಳುವ ಎಷ್ಟೋ ಮಾತುಗಳು ವಾಸ್ತವವಾಗಿ ಕೈಯ ಅನುಭವಗಳು. ಸಲೀಸಾಗಿ ನುಡಿಸಲು ಬರುವ ಗಿಟಾರನ್ನು ಒಳ್ಳೆಯ ನಾದದ ಗಿಟಾರ್ ಎಂದು ಕಿವಿ ಒಪ್ಪಿಕೊಂಡುಬಿಡುತ್ತದೆ. ನಟ್‌ನ ಅಗಲ 43 ಮಿ.ಮೀ. ಇರುವ ಡ್ರೆಡ್‌ನಾಟ್, 44.5 ಮಿ.ಮೀ. ಇರುವ ಓಎಂ, 45 ಮಿ.ಮೀ. ಇರುವ ಲೌಡನ್ ಇವುಗಳ ನಡುವಿನ ಅಂತರ ಕಾಗದದ ಮೇಲೆ ಅಲ್ಪ. ಆದರೆ ಬೆರಳಿನಿಂದ ಮೀಟುವವರಿಗೆ ತಂತಿಗಳ ನಡುವೆ ಸಿಗುವ ಆ ಒಂದೂವರೆ-ಎರಡು ಮಿಲಿಮೀಟರು ದೊಡ್ಡ ಸಮಾಧಾನ, ಹೆಬ್ಬೆರಳನ್ನು ನೆಕ್ ಮೇಲಿಂದ ಬಳಸಿ ಕಾರ್ಡ್ (ಸ್ವರಗುಚ್ಛ) ಹಿಡಿಯುವವರಿಗೆ ಅದೇ ಅಡ್ಡಿ. ತಂತಿಯ ಉದ್ದವೂ ಹೀಗೆಯೇ. ಅದೇ ತಂತಿಯನ್ನು ಅದೇ ಶ್ರುತಿಯಲ್ಲಿಟ್ಟು ಉದ್ದವನ್ನು 650 ಮಿ.ಮೀ.ನಿಂದ 630ಕ್ಕೆ ಇಳಿಸಿದರೆ ಎಳೆತ ಸುಮಾರು ಶೇಕಡಾ 6ರಷ್ಟು ತಗ್ಗುತ್ತದೆ; ಎಡಗೈಗೆ ಹಾಯೆನಿಸುತ್ತದೆ, ಸ್ವರವನ್ನು ಜಗ್ಗಿ ಏರಿಸುವುದು ಸುಲಭವಾಗುತ್ತದೆ, ಆದರೆ ಗಟ್ಟಿಯಾಗಿ ಮೀಟಿದಾಗ ತಂತಿ ಫ್ರೆಟ್‌ಗೆ ಬಡಿಯುವ ಸಂಭವ ಹೆಚ್ಚುತ್ತದೆ.

ಆಕ್ಷನ್, ಅಂದರೆ ಫ್ರೆಟ್‌ನಿಂದ ತಂತಿಗಿರುವ ಎತ್ತರ, ವಾದ್ಯದ ಸ್ವಭಾವವಲ್ಲ; ಅದನ್ನು ಹೊಂದಿಸಿಕೊಳ್ಳಬಹುದು. 12ನೆಯ ಫ್ರೆಟ್ ಬಳಿ ದಪ್ಪ ತಂತಿಗೆ 2.4 ಮಿ.ಮೀ., ತೆಳು ತಂತಿಗೆ 1.8 ಮಿ.ಮೀ. ಸುಮಾರಿಗಿದ್ದರೆ ಬಹುತೇಕ ಎಲ್ಲರಿಗೂ ಒಗ್ಗುತ್ತದೆ. ಎರಡು ಗಿಟಾರುಗಳನ್ನು ಹೋಲಿಸುವಾಗ ಒಂದರ ಆಕ್ಷನ್ ಎತ್ತರವಾಗಿದ್ದು, ಇನ್ನೊಂದರದು ತಗ್ಗಿನಲ್ಲಿದ್ದರೆ, ಅಥವಾ ಒಂದಕ್ಕೆ ಹೊಸ ತಂತಿ, ಇನ್ನೊಂದಕ್ಕೆ ತುಕ್ಕು ಹಿಡಿದ ತಂತಿ ಇದ್ದರೆ, ಆ ಹೋಲಿಕೆಯಿಂದ ಬಂದ ಅಭಿಪ್ರಾಯಕ್ಕೆ ಯಾವ ಬೆಲೆಯೂ ಇಲ್ಲ. ಒಂದೇ ಬ್ರಾಂಡಿನ ಹೊಸ ತಂತಿಗಳನ್ನು ಎರಡಕ್ಕೂ ಹಾಕಿಸಿ, ಎರಡನ್ನೂ ನೀವು ನುಡಿಸಿದ ಮೇಲೆ ಬೇರೊಬ್ಬರಿಂದ ನುಡಿಸಿಸಿ, ಎದುರಿಗೆ ಕುಳಿತು ಕಣ್ಣು ಮುಚ್ಚಿ ಕೇಳಿ. ನಾದರಂಧ್ರದ ಹಿಂದೆ ಕುಳಿತ ವಾದಕರಿಗೆ ಕೇಳುವುದಕ್ಕೂ ಎದುರಿನ ಶ್ರೋತೃಗಳಿಗೆ ಕೇಳುವುದಕ್ಕೂ ಬಹಳ ವ್ಯತ್ಯಾಸವಿರುತ್ತದೆ.

ಹೊಸ ಗಿಟಾರ್ ನುಡಿಸುತ್ತ ಹೋದಂತೆ ತೆರೆದುಕೊಳ್ಳುತ್ತದೆ ಎಂಬ ಮಾತನ್ನು ಮಾರುವವರೂ ಕೊಂಡವರೂ ಹೇಳುತ್ತಾರೆ. ಲೇಪ ಒಣಗಿ ಗಟ್ಟಿಯಾಗುವುದು, ಮರದೊಳಗಿನ ಅಂಟುದ್ರವ ಬದಲಾಗುವುದು ನಿಜ. ಆದರೆ ಅಷ್ಟೇ ಅವಧಿಯಲ್ಲಿ ವಾದಕರ ಕೈಯೂ ಆ ಗಿಟಾರಿಗೆ ಒಗ್ಗಿಕೊಂಡಿರುತ್ತದೆ. ಇಂದು ಕೈಯಲ್ಲಿ ಇಷ್ಟವಾಗದ ಗಿಟಾರನ್ನು ಮುಂದೆ ಇಷ್ಟವಾದೀತೆಂಬ ಭರವಸೆಯ ಮೇಲೆ ಕೊಳ್ಳುವುದು ಬೇಡ.

ಹವೆಯ ಲೆಕ್ಕ

ತೆಳುವಾಗಿ ಕಟ್ಟಿದ ವಾದ್ಯ ಹವೆಯ ತೇವಾಂಶಕ್ಕೂ ಬೇಗ ಸ್ಪಂದಿಸುತ್ತದೆ. ಈ ಗಿಟಾರುಗಳನ್ನು ಕಟ್ಟುವುದು ಶೇಕಡಾ 45ರಿಂದ 50ರ ಆಸುಪಾಸಿನ ತೇವಾಂಶವಿರುವ ಕೋಣೆಗಳಲ್ಲಿ. ಮಂಗಳೂರಿನ ಮಳೆಗಾಲದಲ್ಲಿ ತೇವಾಂಶ ಶೇಕಡಾ 80ನ್ನು ದಾಟುತ್ತದೆ. ಟಾಪ್ ನೀರು ಹೀರಿ ಉಬ್ಬುತ್ತದೆ, ಆಕ್ಷನ್ ಏರುತ್ತದೆ, ನಾದ ಮಂಕಾಗುತ್ತದೆ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನಗಳಲ್ಲಿ ಅಥವಾ ಚಳಿಗಾಲದಲ್ಲಿ ಹೀಟರ್ ಹಾಕಿದ ಶಿಕಾಗೋದ ಮನೆಯಲ್ಲಿ ಅದು ಶೇಕಡಾ 30ಕ್ಕಿಂತ ಕೆಳಗಿಳಿಯುತ್ತದೆ. ಆಗ ಟಾಪ್ ಕುಗ್ಗಿ ಬಿರುಕು ಬಿಡುವ ಅಪಾಯವಿದೆ, ಮತ್ತು ಇದು ಮೊದಲಿನದಕ್ಕಿಂತ ಹೆಚ್ಚು ಕೆಡುಕು. ಗಟ್ಟಿ ಪೆಟ್ಟಿಗೆ, ಅದರೊಳಗೆ ತೇವಾಂಶ ಅಳೆಯುವ ಚಿಕ್ಕ ಮಾಪಕ, ತೇವ ಕಾಯ್ದುಕೊಳ್ಳುವ ಪೊಟ್ಟಣಗಳು ಇವಿಲ್ಲದೆ ಈ ದರ್ಜೆಯ ವಾದ್ಯವನ್ನು ಇಟ್ಟುಕೊಳ್ಳಬಾರದು. ನೈಟ್ರೋಸೆಲ್ಯುಲೋಸ್ ಲೇಪದ ಗಿಟಾರನ್ನು ರಬ್ಬರು ಅಥವಾ ವಿನೈಲ್ ತಾಗುವ ಸ್ಟ್ಯಾಂಡಿನ ಮೇಲೆ ಬಹುಕಾಲ ಬಿಟ್ಟರೆ ಲೇಪ ಕರಗಿ ಕಲೆಯಾಗುತ್ತದೆ.

ಯಾರಿಗೆ ಯಾವುದು

ಪಿಕ್ ಹಿಡಿದು ಬಲವಾಗಿ ನುಡಿಸುವವರು, ಮೇಳದಲ್ಲಿ ಕೇಳಿಸಬೇಕಾದವರು, ಮೈಕ್ ಮುಂದೆ ಪ್ರತಿಯೊಂದು ಸ್ವರವೂ ಬಿಡಿಯಾಗಿ ದಾಖಲಾಗಬೇಕೆನ್ನುವವರು ಕಾಲಿಂಗ್ಸ್ ಕೊಂಡರೆ ಪಶ್ಚಾತ್ತಾಪ ಪಡುವ ಸಂಭವ ಕಡಿಮೆ. ಪಿಕ್ಕನ್ನೂ ಬೆರಳನ್ನೂ ಬಳಸುವ, ಒಂದೇ ಹಾಡಿನಲ್ಲಿ ಮೆಲುದನಿಯಿಂದ ಗಟ್ಟಿದನಿಗೆ ಸಾಗುವ ವಾದಕರಿಗೆ ನಾನು ಸಾಂಟಾ ಕ್ರೂಜ್ ಓಎಂ ಹೇಳುತ್ತೇನೆ. ಮೂರರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕಾದರೆ ನನ್ನ ಆಯ್ಕೆಯೂ ಅದೇ. ಬೆರಳಿನಿಂದ ಮಾತ್ರ ನುಡಿಸುವವರು, ಇಳಿಸಿದ ಶ್ರುತಿಗಳಲ್ಲಿ ಒಬ್ಬರೇ ಕುಳಿತು ನುಡಿಸುವವರು ಲೌಡನ್ ಎಫ್ ಸರಣಿಯನ್ನು ಮೊದಲು ನೋಡಬೇಕು. ಕ್ಯಾಲಿಫೋರ್ನಿಯಾದ ಎರ್ವಿನ್ ಸೊಮೋಗಿ, ಕೆನಡಾದ ಲಿಂಡಾ ಮಾಂಝರ್ ಅವರಂತಹ ಕುಶಲಕರ್ಮಿಗಳಿಂದ ಹೇಳಿ ಮಾಡಿಸಿಕೊಳ್ಳುವುದು ಇನ್ನೊಂದು ದಾರಿ. ಆದರೆ ತನಗೆ ಬೇಕಾದದ್ದನ್ನು ಮಿಲಿಮೀಟರಿನ ಅಳತೆಯಲ್ಲಿ ಹೇಳಬಲ್ಲವರಿಗೆ ಮಾತ್ರ ಆ ದಾರಿ ತಕ್ಕದ್ದು. ಮೊದಲ ಒಳ್ಳೆಯ ಗಿಟಾರಿಗೆ ಅಲ್ಲ.

ಬಳಸಿದ ಗಿಟಾರನ್ನು ಕೊಳ್ಳುವುದಕ್ಕೆ ಹಿಂಜರಿಯಬೇಕಾಗಿಲ್ಲ; ಈ ಮೂರೂ ಹೆಸರುಗಳ ಹಳೆಯ ವಾದ್ಯಗಳು ಒಳ್ಳೆಯ ಸ್ಥಿತಿಯಲ್ಲಿ ಸಿಗುತ್ತವೆ. ಟಾಪ್‌ನ ಉಬ್ಬು, ಬ್ರಿಡ್ಜ್ ಹಿಂದೆ ಎದ್ದಿರುವ ಅಂಚು, ಎಳೆಗಳ ಉದ್ದಕ್ಕೂ ಇರುವ ಬಿರುಕು ಇವನ್ನು ಬೆಳಕಿಗೆ ಹಿಡಿದು ನೋಡಿ. ಸ್ಯಾಡಲ್ ಬಹುತೇಕ ಸವೆಸಿದ್ದರೂ ಆಕ್ಷನ್ ಇನ್ನೂ ಎತ್ತರವಾಗಿಯೇ ಇದ್ದರೆ ನೆಕ್ಕನ್ನು ಬಿಡಿಸಿ ಕೋನ ಸರಿಪಡಿಸಿ ಮತ್ತೆ ಕೂಡಿಸಬೇಕಾಗುತ್ತದೆ. ನೆಕ್ಕನ್ನು ಬೋಲ್ಟುಗಳಿಂದ ಬಿಗಿದಿರುವ ಕಾಲಿಂಗ್ಸ್‌ನಲ್ಲಿ ಈ ಕೆಲಸ ಹೋಲಿಕೆಯಲ್ಲಿ ಸುಲಭ. ಡವ್‌ಟೇಲ್ ಎಂಬ, ಒಂದರೊಳಗೊಂದು ಸಿಕ್ಕಿಸಿ ಅಂಟಿಸುವ ಕೀಲಿನ ಸಾಂಟಾ ಕ್ರೂಜ್‌ನಲ್ಲಿ ಅಂಟನ್ನು ಹಬೆಯಿಂದ ಸಡಿಲಿಸಿ ಬಿಡಿಸಬೇಕು, ಅದನ್ನು ಬಲ್ಲವರು ನಿಮ್ಮ ಊರಿಗೆ ಎಟುಕುವಷ್ಟು ದೂರದಲ್ಲಿದ್ದಾರೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.